ಆಗರಕ್ಕಿಳಿದ ಸುಭದ್ರಾತಾಯಿ

ಅಳಿವೆಯ ದಂಡೆಯಲ್ಲಿ, ಉಪ್ಪಿನ ಆಗರಕ್ಕೆ ತಾಗಿಕೊಂಡಂತಿದ್ದ ಗರಿಯ ಗುಡಿಸಲಿನಲ್ಲಿ ಪೂಜ್ಯ ಸುಭದ್ರಾತಾಯಿಯವರು ತಮ್ಮ ಕೊನೆಯ ವರ್ಷಗಳನ್ನು ಕಳೆದರು. ದರ್ಶನಕ್ಕೆ ಬಂದವರಿಗೆ ಕುಡಿಯಲು ನೀರು ಕೊಡುವರು, ಕೇಳಿದರೆ ಒಂದೆರಡು ಮಾತನಾಡುವರು.

ಒಂದು ಬೇಸಿಗೆಯ ಮಧ್ಯಾಹ್ನ ಗಣಪಿ ಎಂಬ ಹೆಂಗಸು ಅಲ್ಲಿಗೆ ಬಂದಳು. ಆಗರದಲ್ಲಿ ಉಪ್ಪು ಎಳೆಯುವುದು ಅವಳ ಕೆಲಸ. ಅಂಗೈ, ಪಾದಗಳ ಚರ್ಮ ಸೀಳಿ, ಸೀಳಿನೊಳಗೆ ಉಪ್ಪುನೀರು ಇಳಿದು ಸದಾ ಉರಿ. ಹುಣ್ಣು ತೊಲಗಲೆಂದು ದಿನವೂ ಬೂದಿ ಹಾಕಿ ನಾರಿನಿಂದ ತಿಕ್ಕುತ್ತಿದ್ದಳು. ಯಾರೋ ಹೇಳಿದರೆಂದು ಸುಣ್ಣ, ಸೀಮೆಎಣ್ಣೆಯನ್ನೂ ಹಚ್ಚಿ ನೋಡಿದ್ದಳು. ಮೊಲೆಯುಣ್ಣುವ ಮಗುವನ್ನು ಎತ್ತಿಕೊಂಡರೆ ಅದರ ಮೈಗೆ ರಕ್ತ ಮೆತ್ತುತ್ತಿತ್ತು.

"ಮಂತ್ರಗಿಂತ್ರ ನಂಗೆ ನಂಬಿಕೆ ಇಲ್ರಾ ಅಮ್ಮಾ. ಜೋರಿನ ಮದ್ದು ಇದ್ರೆ ಕೊಡಿ" ಎಂದಳು.

ತಾಯಿಯವರು ಅವಳ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು. "ಜೋರು ಸಾಕು ಮಗಾ. ಇನ್ನು ತಿಕ್ಕಬೇಡ. ಸಿಹಿನೀರಲ್ಲಿ ತೊಳೆ, ತೇವ ಆರುವ ಮೊದಲೇ ಕೊಬ್ಬರಿ ಎಣ್ಣೆ ಹಚ್ಚು, ಮೆತ್ತನೆ ಬಟ್ಟೆ ಸುತ್ತು. ಚರ್ಮ ಕೂಡಿಕೊಳ್ಳುವ ತನಕ ಆಗರಕ್ಕೆ ಇಳಿಯಬೇಡ."

ಗಣಪಿಗೆ ಸಿಟ್ಟು ಬಂತು. "ಕೂತು ಹೇಳೂದು ಸುಲಭ. ನಾ ಬಿಟ್ರೆ ನಾಳೆನೇ ನನ್ನ ಜಾಗಕ್ಕೆ ಬೇರೆಯವ್ರು ಬತ್ರು. ಮತ್ತೆ ಹೊಟ್ಟಿಗೆ ಎಂತ ಮಾಡೂದು?" ಎಂದವಳೇ ಎದ್ದು ಹೋದಳು.

ಮಾರನೆಯ ಬೆಳಿಗ್ಗೆ ಗಣಪಿ ಕೆಲಸಕ್ಕೆ ಬಂದಾಗ, ಅವಳ ಪಾತಿಯಲ್ಲಿ ತಾಯಿಯವರೇ ಸೀರೆ ಎತ್ತಿ ಕಟ್ಟಿ, ಹಲಗೆ ಹಿಡಿದು ಉಪ್ಪು ಎಳೆಯುತ್ತಿದ್ದರು. ಮೇಲ್ವಿಚಾರಕ ನರಸಪ್ಪ ದಂಡೆಯಲ್ಲಿ ಕೈಮುಗಿದು ನಿಂತಿದ್ದ. "ಇದು ಗಣಪಿಯ ಜಾಗ. ಕೈ ವಾಸಿಯಾಗಿ ಅವಳು ಬರುವ ತನಕ ನಾನಿದ್ದೇನೆ. ಕೂಲಿ ಅವಳ ಮನೆಗೆ ಮುಟ್ಟಲಿ" ಎಂದರು ತಾಯಿಯವರು.

ಗಣಪಿ ಓಡಿಬಂದಳು. "ಬ್ಯಾಡ್ರಾ ಅಮ್ಮಾ, ಮೇಲೆ ಬನ್ನಿ!"

"ಎಣ್ಣೆ ಹಚ್ಚಿದೆಯಾ?"

"ಇಲ್ಲ."

"ಹಾಗಾದರೆ ಮನೆಗೆ ಹೋಗು."

ಗಣಪಿ ಹೋದಳು. ಹಟ ಹಿಡಿದವಳಂತೆ ತಾಯಿಯವರ ಮಾತನ್ನು ಪಾಲಿಸಿದಳು. ನವೆ ಎದ್ದಾಗ ಉಗುರು ತಾಗಿಸದೆ ಹಲ್ಲು ಕಚ್ಚಿ ಕೂತಳು. ಬಟ್ಟೆ ಬಿಚ್ಚಿ ನೋಡಿದಾಗಲೆಲ್ಲ ಸೀಳುಗಳು ಸ್ವಲ್ಪಸ್ವಲ್ಪವೇ ಕಿರಿದಾಗುತ್ತಿದ್ದವು. ಅತ್ತ ತಾಯಿಯವರು ಒಂದು ದಿನವೂ ತಪ್ಪದೆ ಆಗರಕ್ಕೆ ಇಳಿಯುತ್ತಿದ್ದರು.

ಅಂಗೈ ನಯವಾದ ಮೇಲೆ ಗಣಪಿ ಕೆಲಸಕ್ಕೆ ಮರಳಿದಳು. ಪಾತಿಗೆ ಇಳಿಯುವ ಮೊದಲು ಕೈಕಾಲಿಗೆ ದಪ್ಪಗೆ ಎಣ್ಣೆ ಬಳಿದುಕೊಂಡಳು. ಅಂದು ಸಂಜೆ ನರಸಪ್ಪನನ್ನು ಕಾಡಿ ದಂಡೆಯಲ್ಲಿ ಒಂದು ಹಂಡೆ ಸಿಹಿನೀರು ಇಡಿಸಿದಳು. ಮನೆಗೆ ಹೊರಟ ಪ್ರತಿಯೊಬ್ಬರನ್ನೂ ತಡೆದು, "ಕೈ ತೋರ್ಸು" ಎನ್ನುತ್ತ, ತೊಳೆಸಿ ಎಣ್ಣೆ ಹಚ್ಚದೆ ಬಿಡಲಿಲ್ಲ.

ಎಲ್ಲರ ಹಿಂದೆ ತಾಯಿಯವರು ಸರದಿಗಾಗಿ ಕಾದು ನಿಂತಿದ್ದರು. ಅವರು ಚಾಚಿದ ಅಂಗೈಗಳು ಅಡ್ಡಡ್ಡ ಸೀಳಿದ್ದವು. ಗಣಪಿ ಆ ಕೈಗಳನ್ನು ಹಣೆಗೆ ಒತ್ತಿಕೊಂಡಳು. ಆಮೇಲೆ ಮೆಲ್ಲಗೆ ನೀರು ಹನಿಸತೊಡಗಿದಳು.