ನೇಕಾರ ಹೇಳಿ ಕಳಿಸಿದ ಮಾತು

"ಗುರುಗಳೇ, ನೆನಪಿನ ಶಕ್ತಿ ಹೆಚ್ಚಬೇಕಾದರೆ ಏನು ಮಾಡಬೇಕು?" ಎಂದು ಶಿಷ್ಯೆ ಮೇದಿನಿ ಕೇಳಿದಳು.

ಅವಳು ಚೀನೀ ಭಾಷೆಯ ಮೇಲಿನ ಹಂತದ ಪರೀಕ್ಷೆಗೆ ಓದುತ್ತಿದ್ದಳು. ಬರವಣಿಗೆಯ ಭಾಗದಲ್ಲಿ ಆಗಲೇ ಎರಡು ಸಲ ಮುಗ್ಗರಿಸಿದ್ದಳು. ಆ ಭಾಗದಲ್ಲಿ ಒಂದು ಉದ್ದನೆಯ ಕತೆ ಕೊಡುತ್ತಾರೆ. ಹತ್ತು ನಿಮಿಷ ಓದಲು ಬಿಟ್ಟು ಆಮೇಲೆ ಕಾಗದ ತೆಗೆದುಕೊಂಡುಬಿಡುತ್ತಾರೆ. ಓದಿದ ಕತೆಯನ್ನು ಚಿಕ್ಕದು ಮಾಡಿ, ತನ್ನ ಅಭಿಪ್ರಾಯವೇನನ್ನೂ ಸೇರಿಸದೆ ಬರೆಯಬೇಕು.

"ಕಾಗದ ಕೈಬಿಟ್ಟ ಕೂಡಲೇ ಕತೆಯೂ ತಲೆಯಿಂದ ಹೋಗಿಬಿಡುತ್ತದೆ. ಈ ಸಲವೂ ತಪ್ಪಿದರೆ ಚೀನಾಕ್ಕೆ ಹೋಗಿ ಓದುವ ಅವಕಾಶ ಕೈಜಾರುತ್ತದೆ. ಮನೆಯವರಿಗೆ ಮುಖ ತೋರಿಸುವುದು ಹೇಗೆ?"

"ಓದಲು ಕೊಟ್ಟ ಹತ್ತು ನಿಮಿಷ ಏನು ಮಾಡುತ್ತೀಯಮ್ಮ?"

"ನಾನು ಬರೆಯುವಾಗ ಯಾವ ನುಡಿಗಟ್ಟು ಎಲ್ಲಿ ಚೆನ್ನಾಗಿ ಕೂರುತ್ತದೆ ಎಂದು ನೋಡಿಕೊಳ್ಳುತ್ತೇನೆ. ಚೀನಿಯರ ನಾಲ್ಕಕ್ಷರದ ನುಡಿಗಟ್ಟುಗಳು ನೂರಾರು ನನಗೆ ಬಾಯಿಪಾಠ" ಎಂದು ಮೇದಿನಿ ತುಸು ಹೆಮ್ಮೆಯಿಂದಲೇ ಹೇಳಿದಳು.

ಗುರುಗಳು ಕತೆ ಹೇಳಿದರು.

ಓದು ಬರಹ ಬಲ್ಲವರು ಕಡಿಮೆಯಿದ್ದ ಕಾಲದಲ್ಲಿ ಒಬ್ಬ ಸುದ್ದಿಗಾರನಿದ್ದ. ಕಡಲತಡಿಯ ಪೇಟೆಗೆ ದುಡಿಯಲು ಹೋದವರು ಮನೆಗೆ ಹೇಳಿ ಕಳಿಸುವ ಮಾತನ್ನು ನೆನಪಿನಲ್ಲಿಟ್ಟುಕೊಂಡು ಊರೂರಿಗೆ ಮುಟ್ಟಿಸುವುದು ಅವನ ಕಸುಬು. ಮಾತಿನಲ್ಲಿ ಅವನದು ಎತ್ತಿದ ಕೈ. ಹುಟ್ಟಿಗೊಂದು, ಮದುವೆಗೊಂದು, ಸಾವಿಗೊಂದು ಎಂದು ಸೊಗಸಾದ ಮಾತುಗಳನ್ನು ಮೊದಲೇ ಕಟ್ಟಿ ಇಟ್ಟುಕೊಂಡಿದ್ದ. ಯಾರು ಏನೇ ಹೇಳಿ ಕಳಿಸಲಿ, ಇವನ ಮಾತು ಸೇರದೆ ಅದು ಮನೆ ಮುಟ್ಟುತ್ತಿರಲಿಲ್ಲ. ಕೇಳಿದವರು ತಲೆದೂಗುತ್ತಿದ್ದರು. ತಲೆದೂಗುವವರಿದ್ದರೆ ಯಾರ ನಾಲಿಗೆ ತಾನೇ ಸುಮ್ಮನಿದ್ದೀತು?

ಒಮ್ಮೆ ಸೀರೆ ಮಾರಲು ಹೋದ ಒಬ್ಬ ನೇಕಾರ ಆ ಪೇಟೆಯ ಛತ್ರದಲ್ಲಿ ಜ್ವರ ಬಂದು ಮಲಗಿದ. ಇನ್ನು ಏಳುವುದಿಲ್ಲ ಎಂದು ಅವನಿಗೇ ಗೊತ್ತಾಯಿತು. ಸುದ್ದಿಗಾರನನ್ನು ಕರೆಸಿ, ಹೆಂಡತಿಗೆ ತಿಳಿಸಬೇಕಾದ್ದನ್ನು ಹೇಳತೊಡಗಿದ. ನೇಕಾರನೇನೂ ಮಾತಿನ ಮಲ್ಲನಲ್ಲ. ಮಗ್ಗದ ಹಲಗೆ ಸಡಿಲವಾಗಿದೆ ಎಂದ. ಮಳೆಗಾಲಕ್ಕೆ ಮೊದಲು ಹಿತ್ತಲ ಗೋಡೆ ನೋಡಿಕೊಳ್ಳಲಿ ಎಂದ. ಕೆಮ್ಮಿದ. ಹೇಳಿದ್ದನ್ನೇ ಮತ್ತೆ ಹೇಳಿದ. ಸುದ್ದಿಗಾರ ಹೂಂಗುಟ್ಟುತ್ತಲೇ ಇದ್ದ, ಆದರೆ ಅವನ ಮನಸ್ಸು ಆಗಲೇ ನೇಕಾರನ ಊರಿನ ಅಂಗಳದಲ್ಲಿ ನಿಂತು ಭಾಷಣ ಮಾಡುತ್ತಿತ್ತು. ಎಣ್ಣೆ ತೀರಿದ ದೀಪದ ಮಾತನ್ನು ಮೊದಲು ಹೇಳಬೇಕು, ಹೊಳೆ ಕಡಲು ಸೇರುವ ಮಾತನ್ನು ಕೊನೆಗಿಡಬೇಕು ಎಂದು ಹೊಂದಿಸಿಕೊಳ್ಳುತ್ತಿದ್ದ. ಕಡೆಗೆ ನೇಕಾರ ಅವನ ಕೈ ಹಿಡಿದುಕೊಂಡು, ಮಗಳ ಹೆಸರೆತ್ತಿ ಏನೋ ಹೇಳಿದ. "ಉಳಿದದ್ದು ಬಿಟ್ರೂ ಇದನ್ನ ಬಿಡಬೇಡಪ್ಪ" ಎಂದ. ಸುದ್ದಿಗಾರ ಅದಕ್ಕೂ ಹೂಂ ಎಂದ. ಮರುದಿನ ನೇಕಾರ ತೀರಿಕೊಂಡ.

ಸುದ್ದಿಗಾರ ಅವನ ಊರು ಮುಟ್ಟಿದಾಗ ಕೇರಿಯವರೆಲ್ಲ ಅಂಗಳದಲ್ಲಿ ಕೂಡಿದರು. ಅವನು ನಿಂತು ಮಾತಾಡಿದ. ದೀಪ ಬಂತು, ಹೊಳೆ ಬಂತು, ಕಡಲೂ ಬಂತು. ಅಳದವರಿಲ್ಲ. ನಮ್ಮ ನಡುವೆ ಇದ್ದವನು ಇಷ್ಟು ದೊಡ್ಡ ಮಾತಿನ ಮನುಷ್ಯ ಎಂದು ನಮಗೇ ತಿಳಿದಿರಲಿಲ್ಲವಲ್ಲ ಎಂದು ನೆರೆಯವರು ಕಣ್ಣೊರೆಸಿಕೊಂಡರು. ಸುದ್ದಿಗಾರನಿಗೆ ಒಳಗೊಳಗೇ ಹಿಗ್ಗು.

ಜನ ಎದ್ದುಹೋದ ಮೇಲೆ, ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು, ನೇಕಾರನ ಹೆಂಡತಿ ಪಕ್ಕದ ಮನೆಯ ಜಗಲಿಯಲ್ಲಿ ಅವನಿಗೆ ಎಲೆ ಹಾಕಿಸಿದಳು. ದೂರದಿಂದ ನಡೆದು ಬಂದವನು ಹಸಿದು ಹೋಗಬಾರದೆಂದು ಆ ದುಃಖದಲ್ಲೂ ಅವಳಿಗೆ ನೆನಪಿತ್ತು. ಅವನು ತುತ್ತು ಕಲಸುವಾಗ ಮೆಲ್ಲಗೆ ಕೇಳಿದಳು.

"ಅಣ್ಣಾ, ಮಗಳ ವಿಷಯ ಏನಾದ್ರೂ ಅಂದ್ರಾ? ಅವ್ರು ಹೊರಡೋ ದಿನ ಇವಳು ಜಗಳ ಆಡಿ ಕೋಣೆ ಸೇರ್ಕೊಂಡಿದ್ಲು. ಹೋಗಿ ಬರ್ತೀನಿ ಅಂತ ಅವ್ರು ಬಾಗಿಲು ಬಡಿದ್ರೂ ತೆಗೀಲಿಲ್ಲ. ಸುದ್ದಿ ಕೇಳಿದಾಗಿಂದ ಅದನ್ನೇ ಹೇಳ್ಕೊಂಡು ಅಳ್ತಾ ಇದಾಳೆ."

ಮಗಳು ಕಂಬದ ಪಕ್ಕದಲ್ಲೇ ನಿಂತಿದ್ದಳು.

ಸುದ್ದಿಗಾರನ ಕೈ ಎಲೆಯ ಮೇಲೇ ನಿಂತಿತು. ನೇಕಾರ ಕೈ ಹಿಡಿದದ್ದು ನೆನಪಾಯಿತು. ಅವನ ತುಟಿ ಆಡಿದ್ದು ನೆನಪಾಯಿತು. ಮಾತು ಮಾತ್ರ ಎಷ್ಟು ತಡಕಾಡಿದರೂ ಸಿಗಲಿಲ್ಲ. ಗೊತ್ತಿಲ್ಲ ಎನ್ನುವುದು ಅವನ ನಾಲಿಗೆಗೆ ಅಭ್ಯಾಸವಿರಲಿಲ್ಲ. ಇದಕ್ಕೂ ಅವನ ಬಳಿ ಒಂದು ಸಿದ್ಧ ಮಾತಿತ್ತು. "ತಂದೆಯ ಮನಸ್ಸು ಆಕಾಶ ಇದ್ದ ಹಾಗೆ, ಅಲ್ಲಿ ಯಾವ ಮೋಡವೂ ನಿಲ್ಲುವುದಿಲ್ಲ ಎಂದರು" ಎಂದುಬಿಟ್ಟ.

ಹುಡುಗಿ ಮುಂದೆ ಬಂದಳು. "ನಮ್ಮಪ್ಪ ಹೀಗೆಲ್ಲ ಮಾತಾಡೋನಲ್ಲ. ಅವನು ಏನಂದ, ಅಷ್ಟು ಹೇಳಿ. ಬೈದಿದ್ರೂ ಸರಿ, ಅದನ್ನೇ ಹೇಳಿ."

ಸುದ್ದಿಗಾರ ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸಿದ. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಅವಳು ಜಾಡಿಸಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವಳು ಅವನ ಮುಖವನ್ನೇ ನೋಡುತ್ತ ಕಾದಳು. ತಾಯಿಯಂತೂ, "ನಡೆದು ಸುಸ್ತಾಗಿದಾರೆ ಕಣೇ. ಉಂಡ್ಕೊಳ್ಲಿ, ಆಮೇಲೆ ನೆನಪಾಗುತ್ತೆ" ಎಂದು, ಇನ್ನೂ ನಾಲ್ಕು ತುತ್ತು ಅನ್ನ ಬಡಿಸಲು ಪಕ್ಕದ ಮನೆಯವಳಿಗೆ ಸನ್ನೆ ಮಾಡಿದಳು.

ಸುದ್ದಿಗಾರ ಆ ಅನ್ನ ಮುಟ್ಟಲಿಲ್ಲ. ಎಲೆ ಬಿಟ್ಟು ಎದ್ದು, ಕೈಯನ್ನೂ ತೊಳೆಯದೆ, ತಲೆ ತಗ್ಗಿಸಿಕೊಂಡು ಊರು ದಾಟಿದ. ಅಂಗಳದಲ್ಲಿ ತಾನಾಡಿದ ಮಾತುಗಳು ಒಂದಕ್ಷರವೂ ತಪ್ಪದೆ ನೆನಪಿದ್ದವು. ಅದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಮತ್ತೆ ಛತ್ರಕ್ಕೆ ಹೋದ, ನೇಕಾರ ಮಲಗಿದ್ದ ಮೂಲೆಯಲ್ಲಿ ಕೂತು ತಲೆ ಚಚ್ಚಿಕೊಂಡ. ಇತ್ತ ಆ ಹುಡುಗಿ, ದಾರಿಯಲ್ಲಿ ಯಾರ ಹೆಜ್ಜೆ ಕೇಳಿಸಿದರೂ ಸುದ್ದಿಗಾರನಿಗೆ ನೆನಪಾಗಿ ಹಿಂತಿರುಗಿದನೇನೋ ಎಂದು ಹೊರಗೆ ಬಂದು ನೋಡುತ್ತಿದ್ದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆ ಹುಡುಗಿಯನ್ನು ನೆನೆದು ಮೇದಿನಿಗೆ ಸಂಕಟವಾಯಿತು.

"ಕೊನೆಗಾದರೂ ಅವನಿಗೆ ಆ ಮಾತು ನೆನಪಾಯಿತೇ, ಗುರುಗಳೇ?"

"ಮರೆತಿದ್ದರೆ ನೆನಪಾಗುತ್ತಿತ್ತು ಮಗಳೇ, ಅವನು ಕೇಳಿಸಿಕೊಂಡೇ ಇರಲಿಲ್ಲ."