ತಾಯಿ ಇಲ್ಲದ ಕರುವಿನ ಆಟ

ಅಡವಯ್ಯ ಗುರುಗಳಿಗೆ ಸಿಟ್ಟು ಬಂದರೆ ಹೊಳೆಯ ಮೀನುಗಳು ಆಚೆ ದಡಕ್ಕೆ ಸರಿದು ನಿಲ್ಲುತ್ತಿದ್ದವು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅನುಮಾನ ಇದ್ದವರು ಮೀನುಗಳನ್ನೇ ಕೇಳಬಹುದು.

ಗುರುಗಳ ಆಶ್ರಮ ಅದೇ ಹೊಳೆಯ ದಂಡೆಯ ಮೇಲಿತ್ತು. ಅಲ್ಲಿ ವೇದಾಂತ ಕಲಿಸುತ್ತಿರಲಿಲ್ಲ. ಫೋನಿನಲ್ಲಿ ಆಡುವ ಆಟ ಕಟ್ಟುವುದನ್ನು ಕಲಿಸುತ್ತಿದ್ದರು. ಮೂರು ಲೋಕದಲ್ಲಿ ಇಂಥ ಆಶ್ರಮ ಇದೊಂದೇ. ಎರಡನೆಯದು ಎಲ್ಲಾದರೂ ಇದ್ದರೆ ಅದು ನಕಲಿ.

ಗುರುಗಳು ಕಟ್ಟಿದ ಆಟಗಳೆಲ್ಲ ಪುಟ್ಟವು. ಒಲೆಯ ಮೇಲೆ ಹಾಲಿಟ್ಟು ಆಡಲು ಕೂತವರು ಆಟ ಮುಗಿಸಿ, ನಕ್ಕು, ಫೋನು ಕೆಳಗಿಟ್ಟು, ನಿಧಾನವಾಗಿ ಎದ್ದು ಹೋಗಿ ಒಲೆ ಆರಿಸುತ್ತಿದ್ದರು. ಅವರ ಆಟದ ದೆಸೆಯಿಂದ ಆ ಸೀಮೆಯಲ್ಲಿ ಒಂದು ತೊಟ್ಟು ಹಾಲೂ ಉಕ್ಕಿದ್ದಿಲ್ಲ.

ಶಿಷ್ಯ ಕೊಟ್ರೇಶನಿಗೆ ಇದೇ ನಾಚಿಕೆ.

"ಅಜ್ಜಾರ," ಎಂದು ಅವನು ಒಮ್ಮೆ ಕೇಳಿದ. ಆ ಕಡೆ ಗುರುಗಳನ್ನು ಎಲ್ಲರೂ ಹಾಗೆಯೇ ಕರೆಯುವುದು. "ಮಂದಿ ಖುಷಿಯಿಂದ ಆಡಾಕತ್ತಿರ್ತಾರ. ಇನ್ನಷ್ಟು ಕೊಟ್ರ ಇನ್ನಷ್ಟು ಆಡ್ತಾರ. ನೀವ್ಯಾಕ ನಿಲ್ಲಸ್ತೀರಿ?"

"ಉಂಡಾವ ಎದ್ದು ಕೈ ತೊಳಕೊಳ್ಳಲಿ ಬಿಡಲೇ," ಎಂದರು ಗುರುಗಳು. "ನೀ ಯಾಕ ಅವನ ರಟ್ಟಿ ಹಿಡೀತಿ?"

ಕೊಟ್ರೇಶನಿಗೆ ಈ ಉತ್ತರ ಸೇರಲಿಲ್ಲ. ಮುದುಕರಿಗೆ ದೊಡ್ಡದು ಕಟ್ಟಲು ಕೈಲಾಗುವುದಿಲ್ಲ, ಅದಕ್ಕೇ ಸಣ್ಣದನ್ನು ಹೊಗಳಿಕೊಳ್ಳುತ್ತಾರೆ ಅಂದುಕೊಂಡ. ಗುರುಗಳಿಗೆ ತೋರಿಸದೆ ತನ್ನದೇ ಒಂದು ಆಟ ಕಟ್ಟಿ ಊರ ಮೇಲೆ ಬಿಟ್ಟ.

ಆಟದಲ್ಲಿ ಒಂದು ಕರು. ಅದರ ತಾಯಿ ಕಾಣೆಯಾಗಿದೆ, ಹುಡುಕಿಕೊಡಬೇಕು. ಒಂದು ಗುಡ್ಡ ಹತ್ತಿದರೆ ಹಿಂದೆ ಇನ್ನೊಂದು ಗುಡ್ಡ. ಬೇಲಿ ದಾಟಿದರೆ ಒಂದು ಬಾಗಿಲು, ಬಾಗಿಲಿಗೆ "ನಾಳೆ ಬನ್ನಿ" ಎಂಬ ಹಲಗೆ. ನಾಳೆ ಬಾರದಿದ್ದರೆ ಕರು ಅಳುತ್ತಿತ್ತು. ಎಂಥಾ ಅಳು! ಅದನ್ನು ಕೇಳಿ ಪಕ್ಕದ ಓಣಿಯ ಎಮ್ಮೆಗಳ ಕೆಚ್ಚಲಿಂದ ತಾನಾಗಿ ಹಾಲು ಸುರಿಯುತ್ತಿತ್ತು.

ಊರಿಗೆ ಊರೇ ಕರುವಿನ ಹಿಂದೆ ಬಿತ್ತು. ಕೊಟ್ರೇಶನ ಎದೆ ಎಷ್ಟು ಉಬ್ಬಿತೆಂದರೆ ಆಶ್ರಮದ ಬಾಗಿಲಲ್ಲಿ ಅಡ್ಡಡ್ಡ ತೂರಬೇಕಾಯಿತು.

ಒಂದು ಮುಂಜಾನೆ ಆ ಬಾಗಿಲನ್ನು ಯಾರೋ ಒದ್ದರು.

ಬಂದವಳು ಫಕೀರವ್ವ. ಬಸ್ ಸ್ಟ್ಯಾಂಡಿನ ಎದುರು ಖಾನಾವಳಿ ನಡೆಸುವವಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಸೊಂಟದ ಮೇಲೆ.

"ಕರುವಿನ ಆಟ ಮಾಡಿದಾವ ಯಾವನಲೇ?"

ಹೊಗಳಲು ಬಂದಿದ್ದಾಳೆ ಅಂದುಕೊಂಡು ಕೊಟ್ರೇಶ ಕುಣಿಯುತ್ತ ಮುಂದೆ ಬಂದ. "ನಾನ ಯವ್ವಾ."

"ಇದರ ತಾಯಿ ಎಲ್ಲೈತಿ?"

"ಆಡ್ಕೋತ ಹೋಗ್ರಿ, ಸಿಗ್ತೈತಿ."

"ಎಲ್ಲಿ ಅಂತ ಕೇಳೀನಿ."

"ಅದನ್ನ ಹೇಳಿಬಿಟ್ರ ಮಜಾ ಏನು ಉಳೀತೈತ್ರಿ…"

"ಮಜಾ ಅಂತ ಮಜಾ! ನನ್ನ ಮಗಳು ತವರಿಗೆ ಬಂದಿದ್ಲು." ಫಕೀರವ್ವನ ದನಿ ಇನ್ನೂ ಏರಿತು. "ವರ್ಷಕ್ಕೊಮ್ಮೆ ಬರ್ತಾಳ. ಮಧ್ಯಾಹ್ನದ ಊಟ ಮುಗಿದು ಸಂಜಿ ರೊಟ್ಟಿ ಬಡಿಯೂ ತನಕ ನನಗ ಪುರಸೊತ್ತು. ಇಡೀ ದಿನದಾಗ ಅಷ್ಟ ನಂದು. ಅಷ್ಟೂ ಹೊತ್ತು ಆಕಿ ನನ್ನ ಬಾಜೂಕ ಕುಂತಿದ್ಲು. ಅವ್ವಾ ಅಂತ ಕರದ್ರ, ತಡೀ, ಕರು ಅಳಾಕತ್ತೈತಿ ಅಂದೆ. ದಿನಾ ಹಂಗ ಅಂದೆ. ನಿನ್ನೆ ಬಸ್ ಹತ್ತಿದ್ಲು. ಹತ್ತೂ ಮುಂದ ಏನಂದ್ಲು ಗೊತ್ತೈತೇನು ನಿನಗ?"

ಕೊಟ್ರೇಶ ಒಂದು ಹೆಜ್ಜೆ ಹಿಂದೆ ಸರಿದ.

"ಕರುವಿನ ತಾಯಿ ಸಿಕ್ರ ನನಗೊಂದು ಫೋನ್ ಮಾಡವಾ, ಅಂದ್ಲು."

ಗುರುಗಳು ಒಳಗಿಂದ ಬಂದು ನಿಂತಿದ್ದರು. ಹೊಳೆಯಲ್ಲಿ ಮೀನುಗಳು ಸರಿಯತೊಡಗಿದವು.

"ಆ ತಾಯೀನ ತೋರಸಲೇ," ಎಂದರು ಗುರುಗಳು.

"ಅಜ್ಜಾರ, ಅದು…"

"ತೋರಸು."

"ಇನ್ನೂ ಮಾಡಿಲ್ರಿ."

"ಏನಂದಿ?"

"ತಾಯೀನ ಇನ್ನೂ ಮಾಡಿಲ್ರಿ. ಮಂದಿ ಹುಡುಕ್ಕೋತ ಹೊಂಟಾರಲ್ಲ, ಅವಸರ ಏನೈತಿ ಅಂತ… ಬರೇ ಗುಡ್ಡ ಮಾಡ್ಕೋತ ಹೊಂಟಿದ್ದೆ."

ಫಕೀರವ್ವ ಸುತ್ತಮುತ್ತ ಕಸಬರಿಗೆ ಹುಡುಕಿದಳು. ಗುರುಗಳೇ ಎತ್ತಿ ಅವಳ ಕೈಗೆ ಕೊಟ್ಟರು.

ಕೊಟ್ರೇಶನಿಗೆ ಬಿದ್ದ ಏಟು ಎಷ್ಟೆಂದು ಕೇಳಬಾರದು. ಅಷ್ಟು ದೊಡ್ಡ ಅಂಕಿ ಗಣಿತದವರು ಇನ್ನೂ ಕಂಡುಹಿಡಿದಿಲ್ಲ.

ದಣಿದ ಮೇಲೆ ಫಕೀರವ್ವ ಕಸಬರಿಗೆ ಬಿಸಾಕಿದಳು. "ಬಡದ್ರ ನನ್ನ ಮಧ್ಯಾಹ್ನ ತಿರುಗಿ ಬರ್ತಾವೇನ್ರಿ ಅಜ್ಜಾರ?"

"ಬರೂದಿಲ್ಲ." ಗುರುಗಳು ಶಿಷ್ಯನ ಕಡೆ ತಿರುಗಿದರು. "ಆಕಿ ಹೊತ್ತು ಆಕಿಗೆ ಕೊಡು."

"ಹೋದ ಹೊತ್ತು ಹ್ಯಾಂಗ ಕೊಡೂದ್ರಿ?"

"ತಗೊಳ್ಳೂ ಮುಂದ ಈ ಪ್ರಶ್ನೆ ಬಂದಿತ್ತೇನು?"

ಗುರುಗಳು ಫಕೀರವ್ವನ ಕಡೆ ತಿರುಗಿದರು.

"ಯವ್ವಾ, ನೀ ಮಗಳ ಊರಿಗೆ ಹೋಗು," ಎಂದರು ಗುರುಗಳು. "ಖಾನಾವಳಿ ಮುಸುರಿ ಇಂವ ತಿಕ್ಕತಾನ. ರೊಟ್ಟಿಗೆ ಯಾರರ ಅದಾರಿಲ್ಲೋ?"

"ನೆಗೆಣ್ಣಿ ಅದಾಳ್ರಿ, ನಮ್ಮ ಮೈದುನನ ಹೆಂಡ್ತಿ."

"ಹಂಗಾದ್ರ ಹೋಗು. ಲೇ ಕೊಟ್ರ್ಯಾ, ನೀ ಕೇಳಿಲ್ಲಿ. ನನ್ನ ಹೊತ್ತು ನನಗ ಬಂತು ಅಂತ ಆಕಿ ಬಾಯಿಂದ ಬರೂ ತನಕ ಈ ಹೊಸ್ತಿಲ ತುಳೀಬ್ಯಾಡ. ಬರಲಿಲ್ಲಂದ್ರ ನೀ ನನ್ನ ಶಿಷ್ಯ ಅಲ್ಲ, ನಾ ನಿನ್ನ ಗುರು ಅಲ್ಲ."

ಖಾನಾವಳಿಯ ತನಕ ಕೊಟ್ರೇಶ ಉರಿಯುತ್ತಲೇ ನಡೆದ. ಅವನು ಕಾಲಿಟ್ಟ ಕಡೆ ಹುಲ್ಲು ಒಣಗಿತು. ಒಂದು ಆಟಕ್ಕೆ ಇಷ್ಟು ರಾದ್ಧಾಂತವೇ? ಯಾರಾದರೂ ಕುತ್ತಿಗೆ ಹಿಡಿದು ಆಡಿಸಿದ್ದರೇ? ಬೇಡವಾದರೆ ಬಿಟ್ಟು ಏಳಬಹುದಿತ್ತಲ್ಲ?

ಖಾನಾವಳಿಯ ಹಿತ್ತಲಲ್ಲಿ ಮುಸುರೆ ಪಾತ್ರೆಗಳನ್ನು ಗುಡ್ಡದಂತೆ ಒಟ್ಟಿದ್ದರು. ಅದರ ತುದಿಗೆ ಮೋಡ ತಾಗುತ್ತಿತ್ತು. ಕೊಟ್ರೇಶ ತೋಳೇರಿಸಿ ತಿಕ್ಕಿದ. ಆ ಗುಡ್ಡ ಕರಗಿತು. ಹಿಂದೆ ಇನ್ನೊಂದು ಗುಡ್ಡವಿತ್ತು.

"ನನ್ನ ಊಟ ಯಾವಾಗ್ರಿ?" ಎಂದು ಅವನು ನೆಗೆಣ್ಣಿಯನ್ನು ಕೇಳಿದ.

"ಕಡೀ ಗಿರಾಕಿ ಎದ್ದ ಮ್ಯಾಲ. ನೆಲ ಒರಸಿ, ಆಮ್ಯಾಲ ನಿನ್ನ ಎಲಿ."

ಕಡೆಯ ಗಿರಾಕಿ ಒಬ್ಬ ಲಾರಿ ಡ್ರೈವರ್. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ರೊಟ್ಟಿಯ ತುಂಡು. ಆ ತುಂಡು ತಾಟಿನಿಂದ ಹೊರಟು ಬಾಯಿಗೆ ಹೋಗುವ ದಾರಿಯಲ್ಲಿ ನಿಂತುಬಿಟ್ಟಿತ್ತು. ಅದರ ಮೇಲೆ ಒಂದು ನೊಣ ಕೂತು, ಬೇಸತ್ತು, ಎದ್ದು ಹೋಯಿತು.

"ಅಣ್ಣಾರ, ಊಟ ಮುಗಸ್ರಿ," ಎಂದ ಕೊಟ್ರೇಶ.

"ತಡೀಪಾ ತಮ್ಮಾ. ಕರು ಅಳಾಕತ್ತೈತಿ."

ಕೊಟ್ರೇಶ ಹಿತ್ತಲಿಗೆ ಹೋಗಿ ಇನ್ನೊಂದು ಬೋಗುಣಿ ತಿಕ್ಕಿ ಬಂದ. ಡ್ರೈವರ್ ಹಾಗೇ ಇದ್ದ. ಕೊಟ್ರೇಶನ ಹೊಟ್ಟೆ ಗುಡುಗಿತು. ಬಸ್ ಸ್ಟ್ಯಾಂಡಿನಲ್ಲಿದ್ದವರು ಮಳೆ ಬರುತ್ತದೆಂದು ಕೊಡೆ ಬಿಚ್ಚಿದರು.

"ಅಣ್ಣಾರ, ನೀವು ಎದ್ರ ನನ್ನ ಊಟ. ಹೊಟ್ಟಿ ಹಸದೈತಿ."

"ಇಷ್ಟಪಾ, ಈ ಗುಡ್ಡ ಒಂದು. ಇದರ ಹಿಂದ ತಾಯಿ ಇರತೈತಿ."

"ಇಲ್ಲ!"

"ಆಂ?"

"ಇಲ್ಲ ಅಂದೆ! ಅದಕ್ಕ ತಾಯಿನ ಇಲ್ಲ! ಸಾಯೂ ತನಕ ಹತ್ತಿದ್ರೂ ಗುಡ್ಡದ ಹಿಂದ ಗುಡ್ಡನ ಐತಿ! ಏಳ್ರಿ ಮ್ಯಾಲ!"

ಡ್ರೈವರ್ ಮೊದಲ ಸಲ ಫೋನಿನಿಂದ ತಲೆ ಎತ್ತಿದ. "ನಿನಗ ಹ್ಯಾಂಗ ಗೊತ್ತು?"

ಸುಳ್ಳು ಹೇಳಬಹುದಿತ್ತು. ಸಿಟ್ಟು ಬಾಯಿಯ ತುಂಬ ತುಂಬಿಕೊಂಡಿತ್ತು, ಸುಳ್ಳಿಗೆ ಜಾಗ ಸಿಗಲಿಲ್ಲ.

"ಮಾಡಿದಾವ ನಾನ."

ಡ್ರೈವರ್ ಎದ್ದ. ಅವನು ಎದ್ದು ಮುಗಿಯುವುದಕ್ಕೇ ಒಂದಷ್ಟು ಹೊತ್ತು ಹಿಡಿಯಿತು, ಅಷ್ಟು ಎತ್ತರದ ಆಳು. ಕೊಟ್ರೇಶ ಕಣ್ಣು ಮುಚ್ಚಿ ಕೆನ್ನೆ ಬಿಗಿಹಿಡಿದ.

ಏಟು ಬೀಳಲಿಲ್ಲ.

"ಬೆಳಗಿಂದ ಸ್ಟೇರಿಂಗ್ ಹಿಡದು ಕೈ ಮರಗಟ್ಟಿದ್ವು ತಮ್ಮಾ," ಎಂದ ಡ್ರೈವರ್. "ಒಂದು ಗಳಿಗಿ ಆಡಿ, ನಕ್ಕು, ಮತ್ತ ಗಾಡಿ ಹತ್ತೂನು ಅಂತ ಕುಂತಿದ್ದೆ. ಒಂದು ಗಳಿಗಿ. ಹೆಚ್ಚೇನೂ ಕೇಳಿರಲಿಲ್ಲ."

ಅವನು ಕೈ ತೊಳೆದುಕೊಂಡು ಹೋದ. ಅರ್ಧ ರೊಟ್ಟಿ ತಾಟಿನಲ್ಲೇ ಉಳಿಯಿತು.

ನೆಗೆಣ್ಣಿ ಊಟಕ್ಕೆ ಕರೆದಳು. ಕೊಟ್ರೇಶನಿಗೆ ಸೇರಲಿಲ್ಲ. ಸಿಟ್ಟು ಹಾಗೇ ಇತ್ತು, ಇಡಲು ಜಾಗ ಮಾತ್ರ ಸಿಗುತ್ತಿರಲಿಲ್ಲ. ಗುರುಗಳ ಮೇಲೆ ಇಟ್ಟು ನೋಡಿದ, ನಿಲ್ಲಲಿಲ್ಲ. ಫಕೀರವ್ವನ ಮೇಲೆ, ಡ್ರೈವರನ ಮೇಲೆ ಇಟ್ಟು ನೋಡಿದ, ಜಾರಿತು. ಕಡೆಗೆ ಅದು ತಾನೇ ಬಂದು ಅವನ ತಲೆಯ ಮೇಲೆ ಕೂತಿತು.

ಬೋರಲು ಹಾಕಿದ ಹಂಡೆಯ ಮೇಲೆ ಕೂತು ಅವನು ಆಟ ಬಿಚ್ಚಿದ. ಗುಡ್ಡಗಳನ್ನು ಕೆಡವಿದ. ಬಿದ್ದ ಸದ್ದಿಗೆ ನೆಗೆಣ್ಣಿ ಲಟ್ಟಣಿಗೆ ಹಿಡಿದು ಓಡಿ ಬಂದಳು. "ನಾಳೆ ಬನ್ನಿ" ಹಲಗೆಯನ್ನು ಕಿತ್ತ. ಅಳುವನ್ನು ಅಳಿಸಿದ. ಒಂದು ಗುಡ್ಡ, ಒಂದು ಬೇಲಿ ಉಳಿದವು. ಬೇಲಿಯ ಆಚೆ ಬಯಲು.

ಆ ಬಯಲಲ್ಲಿ ಹಸುವನ್ನು ನಿಲ್ಲಿಸಲು ಕೂತ. ಗುಡ್ಡಗಳನ್ನು ಹಿಂದೆ ಕೈ ಬೀಸಿದಷ್ಟು ಸಲೀಸಾಗಿ ಮಾಡಿ ಎಸೆದಿದ್ದ. ಹಸು ಹಾಗೆ ಬರಲಿಲ್ಲ. ಮಾಡಿದ, ಅಳಿಸಿದ, ಪಾತ್ರೆ ತಿಕ್ಕಿದ, ಮತ್ತೆ ಮಾಡಿದ. ಅದು ಹೊರಳಿ ನೋಡುವ ಆ ಒಂದು ನೋಟಕ್ಕೆ ಅವನ ಕೈ ಬೆರಳುಗಳು ಬೂದಿಯಲ್ಲಿ ತಿಕ್ಕಿದ್ದಕ್ಕಿಂತ ಹೆಚ್ಚು ಸವೆದವು.

ಫಕೀರವ್ವ ಮಗಳ ಊರಿಂದ ಬಂದವಳು ಮೊದಲು ಹಿತ್ತಲಿಗೆ ಹೋದಳು.

"ಈ ಬೋಗುಣಿ ತಳ ಯಾಕ ಕರ್ರಗೈತಿ? ತಿಕ್ಕೀಯೋ, ಮುದ್ದಾಡೀಯೋ?"

"ಯವ್ವಾ, ಒಮ್ಮೆ ಇದನ್ನ ನೋಡ್ರಿ." ಕೊಟ್ರೇಶ ಫೋನು ಚಾಚಿದ.

"ಮತ್ತ ಅದನ್ನ ತಂದೀಯೇನಲೇ, ನಾಚಿಗಿಗೆಟ್ಟಾವ!"

"ಚಹಾಕ್ಕ ನೀರಿಡ್ರಿ. ಕುದಿಯೂದರಾಗ ಮುಗೀತೈತಿ. ಮುಗೀಲಿಲ್ಲಂದ್ರ ಬಡೀರಿ. ಕಸಬರಿಗೆ ನಾನ ತಂದು ಕೊಡ್ತೀನಿ."

ಫಕೀರವ್ವ ಒಲೆಯ ಮೇಲೆ ನೀರಿಟ್ಟು, ಹುಬ್ಬು ಗಂಟಿಕ್ಕಿಕೊಂಡೇ ಆಡಿದಳು. ಕರು ಗುಡ್ಡ ಹತ್ತಿತು. ಬೇಲಿ ಜಿಗಿಯಿತು. ಬಯಲಲ್ಲಿ ಮೇಯುತ್ತಿದ್ದ ಹಸು ಕಿವಿ ಅಲುಗಿಸಿ ಹೊರಳಿ ನೋಡಿತು.

ಫಕೀರವ್ವನ ಹುಬ್ಬು ಬಿಚ್ಚಿತು.

"ಇಷ್ಟನ?"

"ಇಷ್ಟ."

"ನಾಳೆ ಬರಬೇಕೇನು?"

"ಬ್ಯಾಡ್ರಿ. ಮುಗೀತು."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಅದೇ ಫೋನಿನಿಂದ ಮಗಳಿಗೆ ಕರೆ ಮಾಡಿದಳು. "ಏ ರತ್ನಾ, ಸಿಕ್ತು ನೋಡು. ಹೂಂನವಾ, ಕರುವಿನ ತಾಯಿ. ನಗಬ್ಯಾಡ. ಮತ್ತ ಏನು ಮಾಡಾಕತ್ತೀದಿ ಹೇಳು."

ಚಹಾ ಕುದಿಯಿತು. ಕೊಟ್ರೇಶನೇ ಇಳಿಸಿದ. ಮಾತು ಮುಗಿಯುವ ತನಕ ಬಾಗಿಲಲ್ಲಿ ಕಾದ.

"ಯವ್ವಾ, ಅಜ್ಜಾರಿಗೆ ಏನಂತ ಹೇಳ್ಲಿ?"

ಫಕೀರವ್ವ ಫೋನನ್ನು ಅವನ ಕೈಗೆ ತಿರುಗಿ ಕೊಟ್ಟಳು. ಅವಳ ಕಣ್ಣಲ್ಲಿ ಸಿಟ್ಟು ಇನ್ನೂ ಇತ್ತು.

"ಅರ್ಧ ಬಂತು ಅಂತ ಹೇಳು. ಉಳದದ್ದು ಬರೂದಿಲ್ಲ. ಅದು ನಿನಗೂ ಗೊತ್ತೈತಿ, ನನಗೂ ಗೊತ್ತೈತಿ."

ಕೊಟ್ರೇಶ ಆಶ್ರಮಕ್ಕೆ ಬಂದು ಹೊಸ್ತಿಲ ಹೊರಗೇ ನಿಂತ. ಒಂದು ಮಾತೂ ಕೂಡಿಸದೆ, ಒಂದು ಮಾತೂ ಕಳೆಯದೆ ಹೇಳಿದ.

"ಅರ್ಧ ಬಂತಂತ್ರಿ. ಉಳದದ್ದು ಬರೂದಿಲ್ಲಂತ."

ಗುರುಗಳು ಕೈ ಚಾಚಿದರು. ಕೊಟ್ರೇಶ ಫೋನು ಕೊಟ್ಟ.

ಗುರುಗಳು ನಿಂತಲ್ಲೇ ಆಡಿದರು. ಹಸು ಹೊರಳಿ ನೋಡುವಾಗ ಅವರ ಗಡ್ಡ ಒಮ್ಮೆ ಅಲುಗಿತು. ಫೋನು ತಿರುಗಿ ಕೊಟ್ಟು, ಹೊಸ್ತಿಲು ದಾಟಿ, ಶಿಷ್ಯನ ಮಗ್ಗುಲಿಂದಲೇ ಹೊಳೆಯ ಕಡೆ ನಡೆದುಬಿಟ್ಟರು.

ಕೊಟ್ರೇಶ ಹಿಂದೆ ಓಡಿದ. "ಅಜ್ಜಾರ! ಆಟ ಹ್ಯಾಂಗಿತ್ತು ಹೇಳಲಿಲ್ಲ! ನಾ ಒಳಗ ಬರಲೋ ಬ್ಯಾಡೋ, ಅದನ್ನೂ ಹೇಳಲಿಲ್ಲ!"

ಗುರುಗಳು ಆಗಲೇ ಎದೆಮಟ್ಟ ನೀರಿನಲ್ಲಿದ್ದರು. ಮೀನುಗಳು ಅವರ ಸುತ್ತಲೇ ಆಡುತ್ತಿದ್ದವು. ಮುಖಕ್ಕೆ ನೀರು ಎರಚಿಕೊಂಡು ಅವನ ಕಡೆ ತಿರುಗಿದರು.

"ಆಟ ಮುಗೀತಲ್ಲೋ. ನೀರು ಭಾಳ ಚಲೋ ಐತಿ, ಇಳಿ."