ಗುದ್ದಲಿಗೆ ಮಣಿಯದ ಡೇಸಿ ಬೀಜ

ಹಿತ್ತಿಲ ಪಾತಿಯಲ್ಲಿ ಅವರೆ, ಬೆಂಡೆ ಬೀಜಗಳನ್ನೆಲ್ಲ ಆಳಕ್ಕೆ ಹೂತು ಮುಗಿಸಿದ ಗುದ್ದಲಿ, ಒದ್ದೆ ಮಣ್ಣಿನ ಮೇಲೆ ಹಾಯಾಗಿ ಮಲಗಿದ್ದ ಕಾಡು ಡೇಸಿ ಹೂವಿನ ಮೂರು ಬೀಜಗಳ ಬಳಿ ಬಂತು.

“ಏಳಿ, ಒಳಗೆ ನಡೆಯಿರಿ,” ಎಂದಿತು.

“ಬೇಡ ಗುದ್ದಲಿಯಣ್ಣ,” ಎಂದಿತು ಹಿರಿಯ ಬೀಜ. “ಬೆಳಕು ತಾಗದೆ ನಾವು ಮೊಳೆಯುವುದಿಲ್ಲ. ಹೂತರೆ ಅಲ್ಲೇ ಸಾಯುತ್ತೇವೆ.”

“ಎಳ್ಳಿಗಿಂತ ಸಣ್ಣವಳು ನನಗೇ ಪಾಠ ಹೇಳುತ್ತೀಯಾ? ಮೇಲಿದ್ದರೆ ಇರುವೆ ಹೊತ್ತೊಯ್ಯುತ್ತದೆ.”

“ಒಯ್ದರೆ ಒಯ್ಯಲಿ. ಇರುವೆಗೆ ಹಸಿವಿದೆ. ನಿನಗೇನಿದೆ?”

ಗುದ್ದಲಿ ಸಿಟ್ಟಿನಿಂದ ಹಿರಿಯ ಬೀಜವನ್ನು ಮಣ್ಣಿಗೆ ತುರುಕಿತು. ಕತ್ತಲಲ್ಲಿ ಉಸಿರು ಕಟ್ಟಿದರೂ ಬೀಜ ಒದ್ದೆ ಅಲಗಿಗೆ ಅಂಟಿಕೊಂಡು, ಅದರ ಜೊತೆಗೇ ಮೇಲೆ ಬಂತು. ಮತ್ತೆ ತುರುಕಿತು, ಮತ್ತೆ ಬಂತು. ಕೊನೆಗೆ ಗುದ್ದಲಿಯೇ ದಣಿದು, ಬೀಜವನ್ನು ಕೊಡವಿ, “ನಿನ್ನ ಹಣೆಬರಹ,” ಎಂದು ಗೋಡೆಗೆ ಒರಗಿತು.

ಹತ್ತನೆಯ ದಿನ ಪಾತಿಯಲ್ಲಿ ಆ ಬೀಜ ಮೊಳೆತು ಎರಡು ಪುಟ್ಟ ಎಲೆಗಳು ಬಿಚ್ಚಿಕೊಂಡಿದ್ದವು.

“ಇರುವೆ ಬರಲಿಲ್ಲವೇ?” ಎಂದು ಗುದ್ದಲಿ ಕೇಳಿತು.

“ಬಂದಿತ್ತು. ತಂಗಿಯರಿಬ್ಬರನ್ನೂ ಹೊತ್ತುಕೊಂಡು ಹೋಯಿತು,” ಎಂದಿತು ಸಸಿ. “ಆಗಲೂ ನಾನು ನಿನ್ನನ್ನು ಕರೆಯಲಿಲ್ಲ.”